ಎಲ್ಲಿ ಓಡಿದ ಕಾರು ಇದು?

ಹಳೇ ಕಾರು ನೋಡಲು ಹೋದರೆ ನಮ್ಮ ಕಡೆ ಮೊದಲು ಬರುವ ಪ್ರಶ್ನೆ ಎರಡು. ಎಷ್ಟು ಕಿಲೋಮೀಟರ್ ಓಡಿದೆ? ಎಷ್ಟನೇ ಓನರ್? ಈ ಎರಡಕ್ಕೂ ಬೇಕಾದ ಉತ್ತರ ಸಿಕ್ಕರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಜರ್ಮನಿಗೆ ಬಂದ ಮೇಲೆ ನನಗೆ ಈ ಎರಡು ಪ್ರಶ್ನೆಗಳ ಮೇಲಿನ ನಂಬಿಕೆ ಕಡಿಮೆಯಾಗಿದೆ. ಅದರಲ್ಲೂ ಬಿಎಂಡಬ್ಲ್ಯೂ 3 ಸೀರೀಸ್, ಮರ್ಸಿಡಿಸ್ ಸಿ ಕ್ಲಾಸ್, ಆಡಿ ಎ4 ಇಂಥ ಚುರುಕು ಸೆಡಾನ್‌ಗಳ ವಿಷಯದಲ್ಲಿ. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ 3 ಸೀರೀಸ್ ಕಂಡರೆ ಇಲ್ಲಿ ಯಾರೂ ಬೆಚ್ಚುವುದಿಲ್ಲ. ಆದರೆ ಅರವತ್ತೇ ಸಾವಿರ ಓಡಿದ್ದರೂ ಸರ್ವಿಸ್ ದಾಖಲೆ ಇಲ್ಲದಿದ್ದರೆ ಹತ್ತಿರ ಸುಳಿಯುವುದಿಲ್ಲ.

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಮರ್ಸಿಡಿಸ್, ಪೋರ್ಶೆ ಎರಡೂ ಈ ಊರಿನವೇ. ಬಾಷ್ ಕಂಪನಿಯದೂ ಇದೇ ಊರು. ನಮ್ಮ ಆಡುಗೋಡಿಯ ಮೈಕೋ ಗೊತ್ತಲ್ಲ, ಅದರ ಮೂಲ ಮನೆ ಇಲ್ಲಿದೆ. ಹಾಗಾಗಿ ಇಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಮಾತು ಬೇಗ ಕಾರಿಗೆ ಬಂದು ನಿಲ್ಲುತ್ತದೆ. ಊರಿಂದ ಫೋನ್ ಬಂದರೂ ಅಷ್ಟೇ. ಮೈಸೂರಿನ ನಮ್ಮ ಭಾವ ಕೆಲವು ತಿಂಗಳಿಂದ ಒಂದೇ ಪ್ರಶ್ನೆ ಹಿಡಿದುಕೊಂಡಿದ್ದಾರೆ. "ಏನಪ್ಪಾ, ಹೊಸ ಸ್ಕೋಡಾ ಸ್ಲಾವಿಯಾ ತಗೊಳ್ಳಲಾ? ಇಲ್ಲ, ಸ್ವಲ್ಪ ದುಡ್ಡು ಸೇರಿಸಿ ಹಳೇ ಬಿಎಂಡಬ್ಲ್ಯೂ ತಗೊಳ್ಳಲಾ? ನೀನು ಅಲ್ಲೇ ಇದ್ದೀಯ, ನಿನಗೆ ಗೊತ್ತಿರತ್ತೆ." ಕಾರ್ಖಾನೆ ಇರುವ ದೇಶದಲ್ಲಿ ಇದ್ದ ಮಾತ್ರಕ್ಕೆ ಕಾರು ಗೊತ್ತಿರುತ್ತದೆ ಅನ್ನುವುದು ಅವರ ನಂಬಿಕೆ. ಇರಲಿ.

ಜರ್ಮನಿಯಲ್ಲಿ ಹಳೇ ಕಾರಿನ ಸಂತೆ ಬೇರೆ ಥರ ಇರುವುದಕ್ಕೆ ಒಂದು ಕಾರಣ ಇದೆ. ಹೊಸದಾಗಿ ನೋಂದಣಿಯಾಗುವ ಕಾರುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಕಂಪನಿ, ಡೀಲರ್, ಬಾಡಿಗೆ ಸಂಸ್ಥೆಗಳ ಹೆಸರಲ್ಲಿರುತ್ತವೆ. ಸೇಲ್ಸ್‌ನವರು, ಎಂಜಿನಿಯರುಗಳು ಕಂಪನಿಯ ಲೀಸ್ ಕಾರಿನಲ್ಲಿ ಮೂರು ವರ್ಷ ಓಡಾಡಿ ವಾಪಸ್ ಕೊಡುತ್ತಾರೆ. ಹೀಗೆ ವಾಪಸ್ ಬಂದ 320ಡಿ, ಅಂದರೆ ಡೀಸೆಲ್ 3 ಸೀರೀಸ್, ಮೀಟರಿನಲ್ಲಿ ಒಂದು ಲಕ್ಷ ಕಂಡರೆ ಅದರಲ್ಲಿ ಬಹುಪಾಲು ಇಲ್ಲಿನ ಹೆದ್ದಾರಿ ಆಟೋಬಾನ್ ಮೇಲೆ ಓಡಿದ್ದು. ಗಂಟೆಗೆ 130ರಲ್ಲಿ, ಎಂಟನೇ ಗೇರಿನಲ್ಲಿ, ಎಂಜಿನ್ 2 ಸಾವಿರ ಸುತ್ತಿನ ಆಸುಪಾಸಿನಲ್ಲಿ ಆರಾಮಾಗಿ ತಿರುಗುತ್ತಿರುತ್ತದೆ. ಎಣ್ಣೆ ಬಿಸಿಯಾಗಿರುತ್ತದೆ. ಬ್ರೇಕಿಗೆ, ಕ್ಲಚ್ಚಿಗೆ ಕೆಲಸ ಕಡಿಮೆ. ಸರ್ವಿಸ್ ಬಿಲ್ ಕಂಪನಿ ಕೊಡುವುದರಿಂದ ಯಾರೂ ಅದನ್ನು ಮುಂದೂಡುವುದಿಲ್ಲ.

ಈಗ ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪಿಸಿಕೊಳ್ಳಿ. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಮಾತ್ರ ಓಡಿದ ಕಾರು, ಆದರೆ ಅಷ್ಟು ಓಡುವುದಕ್ಕೆ ಎಷ್ಟು ಗಂಟೆ ಎಂಜಿನ್ ಉರಿದಿದೆ? ಮೀಟರ್ ಕಿಲೋಮೀಟರ್ ಎಣಿಸುತ್ತದೆ, ಗಂಟೆ ಎಣಿಸುವುದಿಲ್ಲ. ಡೀಸೆಲ್ ಕಾರಿನ ಹೊಗೆ ಸೋಸುವ ಫಿಲ್ಟರ್ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಒಂದಿಷ್ಟು ಹೊತ್ತು ಬಿಡುವಿಲ್ಲದೆ ಓಡಬೇಕು. ಜಯನಗರದಿಂದ ಕೋರಮಂಗಲಕ್ಕೆ ಹೋಗಿ ಬಂದರೆ ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಹಳೇ ಆಕ್ಟೇವಿಯಾದಂಥ ಕಾರುಗಳಲ್ಲಿದ್ದ ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಣ ಕ್ಲಚ್ ಕೂಡ ತೆವಳುವ ಟ್ರಾಫಿಕ್ಕಿನಲ್ಲೇ ಬಿಸಿಯಾಗಿ ಸವೆಯುವುದು. ಹಾಗಾಗಿ "ಕಡಿಮೆ ಓಡಿದೆ ಸಾರ್" ಅಂದ ತಕ್ಷಣ ಖುಷಿಪಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಇಲ್ಲಿನವರು ಕಾರನ್ನು ಕಾಗದದಿಂದ ಅಳೆಯುತ್ತಾರೆ. ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಸರ್ಕಾರಿ ತಪಾಸಣೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಜನರ ಬಾಯಲ್ಲಿ ಇದಕ್ಕೆ ಟ್ಯೂಫ್ ಅಂತಲೇ ಹೆಸರು, ಮಾಡಿದ್ದು ಬೇರೆ ಸಂಸ್ಥೆಯಾದರೂ. ಬ್ರೇಕು, ಚಾಸಿ, ಹೊಗೆ, ದೀಪ ಎಲ್ಲ ನೋಡಿ, ಕಂಡ ಸಣ್ಣ ದೋಷವನ್ನೂ ವರದಿಯಲ್ಲಿ ಬರೆಯುತ್ತಾರೆ. ಅವತ್ತಿನ ಮೀಟರ್ ರೀಡಿಂಗ್ ಕೂಡ ಅದರಲ್ಲಿರುತ್ತದೆ. ಎರಡು ಹಳೇ ವರದಿ ಪಕ್ಕದಲ್ಲಿಟ್ಟು ನೋಡಿದರೆ ಮೀಟರ್ ತಿರುಗಿಸಿದ್ದು ಗೊತ್ತಾಗಿಬಿಡುತ್ತದೆ. ಮಾರುವವನು ಖಾಸಗಿ ವ್ಯಕ್ತಿಯಾದರೆ ವಾಹನ ಸಂಘ ಎಡಿಎಸಿಯ ಮಾದರಿ ಕರಾರು ಪತ್ರ ತೆಗೆದು, ಗೊತ್ತಿರುವ ದೋಷಗಳನ್ನು ತಾನೇ ಬರೆದು ಸಹಿ ಹಾಕುತ್ತಾನೆ. ಡೀಲರ್ ಆದರೆ ಹಳೇ ಕಾರಿಗೂ ಕನಿಷ್ಠ ಒಂದು ವರ್ಷ ಕಾನೂನಿನ ಹೊಣೆ ಇದೆ. ಆ ಒಂದು ವರ್ಷದಲ್ಲಿ ದೋಷ ಕಂಡರೆ ಅದು ಮಾರುವಾಗ ಇರಲಿಲ್ಲ ಎಂದು ಸಾಬೀತು ಮಾಡಬೇಕಾದವನು ಡೀಲರ್, ನಾವಲ್ಲ. 2022ರಿಂದ ಹೀಗಿದೆ, ಮೊದಲು ಈ ಅವಧಿ ಆರೇ ತಿಂಗಳಿತ್ತು. ಇಷ್ಟೂ ಸಾಲದು ಅನಿಸಿದರೆ ದುಡ್ಡು ಕೊಟ್ಟು ಡೆಕ್ರಾದಂಥ ಸಂಸ್ಥೆಯಿಂದ ಕಾರನ್ನು ಪರೀಕ್ಷೆ ಮಾಡಿಸಬಹುದು.

ನಮ್ಮಲ್ಲಿ ಕಾರನ್ನು ಅಳೆಯುವುದು ಮನುಷ್ಯರಿಂದ. "ಡಾಕ್ಟರ್ ಕಾರು ಸಾರ್", "ಲೇಡಿ ಡ್ರಿವನ್ ಸಾರ್", "ಏನೂ ಪ್ರಾಬ್ಲಮ್ ಇಲ್ಲ, ಸುಮ್ನೆ ಎತ್ಕೊಂಡ್ ಹೋಗಿ". ಇದನ್ನು ಕೇಳಿ ಇಲ್ಲಿನ ಗೆಳೆಯರು ನಗುತ್ತಾರೆ. ನನಗೆ ಪೂರ್ತಿ ನಗು ಬರುವುದಿಲ್ಲ. ಮಾರುವವನ ಮಾತು ಬಿಡಿ. ಆ ಮನೆಯ ಡ್ರೈವರ್ ಜೊತೆ ಒಂದು ಟೀ ಕುಡಿದರೆ ಯಾವ ತಪಾಸಣಾ ವರದಿಯಲ್ಲೂ ಇಲ್ಲದ ಸಂಗತಿ ಹೊರಗೆ ಬರುತ್ತದೆ. ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿಗೆ ಇಳಿದಿತ್ತೇ, ಮಗ ರಾತ್ರಿ ಹೊತ್ತು ತೆಗೆದುಕೊಂಡು ಹೋಗುತ್ತಿದ್ದನೇ, ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ನಿಂತಿತ್ತೇ, ಇವೆಲ್ಲ ಅವನಿಗೆ ಗೊತ್ತು. ಜರ್ಮನಿಯ ಲೀಸ್ ಕಾರನ್ನು ಓಡಿಸಿದವನು ಯಾರು, ಹೇಗೆ ಓಡಿಸಿದ ಅನ್ನುವುದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಕಾಗದ ಬಾಯಿ ಬಿಡುವುದು ಬರೆದಷ್ಟನ್ನೇ.

ಆದರೆ ನಮ್ಮವರು ಕೈಗೆ ಸಿಗುವ ಕಾಗದವನ್ನೂ ನೋಡುವುದಿಲ್ಲ, ಅದು ತಪ್ಪು. ಸರ್ಕಾರದ ವಾಹನ್ ದಾಖಲೆಯಲ್ಲಿ ಎಷ್ಟನೇ ಓನರ್, ಸಾಲ ಬಾಕಿ ಇದೆಯೇ, ಇನ್ಶೂರೆನ್ಸ್ ಎಂದಿನವರೆಗೆ ಎಲ್ಲ ಫೋನಿನಲ್ಲೇ ಸಿಗುತ್ತದೆ. ಸರ್ವಿಸ್ ಬಿಲ್ಲುಗಳಲ್ಲಿ ಕಿಲೋಮೀಟರ್ ಇರುತ್ತದೆ. ಇನ್ಶೂರೆನ್ಸ್‌ನಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಶೇಕಡಾ 50ಕ್ಕೆ ಏರಿದೆಯೋ ಅಥವಾ ನಡುವೆ ಸೊನ್ನೆಗೆ ಬಿದ್ದಿದೆಯೋ ನೋಡಿ. ಸೊನ್ನೆಗೆ ಬಿದ್ದಿದ್ದರೆ ಆ ವರ್ಷ ಏನಾಯಿತು ಅಂತ ಕೇಳಿ. ಡೆಲ್ಲಿ ಸುತ್ತಮುತ್ತ ಹತ್ತು ವರ್ಷದ ಡೀಸೆಲ್ ಕಾರುಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಅಗ್ಗದ ಐಷಾರಾಮಿ ಡೀಸೆಲ್‌ಗಳು ದಕ್ಷಿಣಕ್ಕೆ ಬಂದಿವೆ. ಅವುಗಳ ಬೆಲೆ ನೋಡಿ ಹಿಗ್ಗುವ ಮೊದಲು ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರಕ್ಕೆ (ಎನ್‌ಒಸಿ) ಓಡಾಟ, ಕರ್ನಾಟಕದ ತೆರಿಗೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ.

ಇನ್ನು ಯಂತ್ರದ ಮಾತು. ಹಳೇ 3 ಸೀರೀಸ್ ಅಂತ ಒಟ್ಟಾಗಿ ಮಾತಾಡುವುದೇ ಸರಿಯಲ್ಲ, ಎಂಜಿನ್ ಯಾವುದು ಅನ್ನುವುದು ಮುಖ್ಯ. 2007ರಿಂದ ಬಂದ ಎನ್47 ಡೀಸೆಲ್‌ನಲ್ಲಿ, ಅದರಲ್ಲೂ ಮೊದಲ ಕೆಲವು ವರ್ಷಗಳದ್ದರಲ್ಲಿ, ಎಂಜಿನ್ನಿನ ವಾಲ್ವುಗಳನ್ನು ತಾಳಕ್ಕೆ ಸರಿಯಾಗಿ ನಡೆಸುವ ಟೈಮಿಂಗ್ ಚೈನ್ ಸವೆಯುವ ಕಾಟ ಎಲ್ಲರಿಗೂ ಗೊತ್ತಿರುವಂಥದ್ದು. ಆ ಚೈನ್ ಇರುವುದು ಎಂಜಿನ್ನಿನ ಹಿಂದೆ, ಗೇರ್‌ಬಾಕ್ಸ್ ಕಡೆ. ಚೈನ್ ಬೆಲೆ ಕಡಿಮೆ, ಆದರೆ ಅಲ್ಲಿಗೆ ಕೈ ಹೋಗಬೇಕಾದರೆ ಅಷ್ಟನ್ನೂ ಬಿಚ್ಚಬೇಕು, ಕೂಲಿ ಅಲ್ಲೇ ಏರುತ್ತದೆ. 2012ರ ನಂತರದ 320ಐ, 328ಐಗಳಲ್ಲಿದ್ದ ಎನ್20 ಪೆಟ್ರೋಲ್‌ಗೆ ಈ ಚೈನನ್ನು ದಾರಿಯಲ್ಲಿಡುವ ಪ್ಲಾಸ್ಟಿಕ್ ಗೈಡ್ ಒಡೆಯುವ ಕಾಯಿಲೆ ಇತ್ತು. ಆಮೇಲೆ ಬಂದ ಬಿ48 ಪೆಟ್ರೋಲ್ ಎಷ್ಟೋ ವಾಸಿ. ಆರು ಸಿಲಿಂಡರಿನ ಬಿ58 ಇನ್ನೂ ಚೆನ್ನ, ಬೆಂಗಳೂರಿನ ಹುಡುಗರು ಕನಸು ಕಾಣುವ 374 ಕುದುರೆಶಕ್ತಿಯ ಎಂ340ಐನಲ್ಲಿರುವುದು ಅದೇ. ಗೇರ್‌ಬಾಕ್ಸ್ ಜಡ್‌ಎಫ್‌ನವರದ್ದು, ಎಂಟು ಗೇರ್, ಒಳ್ಳೆಯ ಮಾಲು. ಅದರ ಎಣ್ಣೆ ಆಯುಷ್ಯಪೂರ್ತಿ ಬದಲಿಸಬೇಕಿಲ್ಲ ಅಂತ ಕಾರು ಕಂಪನಿ ಹೇಳುತ್ತದೆ. ಗೇರ್‌ಬಾಕ್ಸ್ ಮಾಡುವ ಜಡ್‌ಎಫ್ ಮಾತ್ರ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ನಡುವೆ ಬದಲಿಸಿ ಅನ್ನುತ್ತದೆ. ನಾನಂತೂ ಗೇರ್‌ಬಾಕ್ಸ್ ಮಾಡಿದವರ ಮಾತು ಕೇಳುತ್ತೇನೆ. ಮೊದಲ ಓನರ್ ಈ ಎಣ್ಣೆ ಬದಲಿಸಿದ ಬಿಲ್ ಇಟ್ಟುಕೊಂಡಿದ್ದರೆ ಆ ಕಾರಿಗೆ ಸ್ವಲ್ಪ ಜಾಸ್ತಿ ಕೊಡಲೂ ತಯಾರು.

ನೋಡಲು ಹೋಗುವಾಗ ಎಂಜಿನ್ ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಅಂತ ಫೋನಿನಲ್ಲೇ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಚೈನಿನ ಸದ್ದು ಕೇಳುವುದು ಆ ಮೊದಲ ಕೆಲವು ಸೆಕೆಂಡಿನಲ್ಲೇ. ಆಮೇಲೆ ಟೈರ್. ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಾಲ್ಕೂ ಒಂದೇ ಕಂಪನಿಯ ಒಳ್ಳೆಯ ಟೈರ್ ಇದ್ದರೆ ಓನರ್ ದುಡ್ಡು ಖರ್ಚು ಮಾಡಿದ್ದಾನೆ ಅಂತ ಲೆಕ್ಕ. ನಾಲ್ಕು ಥರದ ಅಗ್ಗದ ಟೈರ್ ಇದ್ದರೆ ಕಣ್ಣಿಗೆ ಕಾಣದ ಕಡೆ ಏನು ಮಾಡಿರುತ್ತಾನೆ ಅಂತ ಊಹಿಸಿಕೊಳ್ಳಿ. ಬಿಎಂಡಬ್ಲ್ಯೂಗಳಲ್ಲಿ ಸಾಮಾನ್ಯವಾಗಿರುವ, ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರಿನ ಗೋಡೆ ಗಟ್ಟಿ, ಗುಂಡಿಗೆ ಬಿದ್ದಾಗ ಪೆಟ್ಟು ನೇರ ಸೊಂಟಕ್ಕೆ. ಜರ್ಮನಿಯಲ್ಲಿ ಆಟೋಬಾನ್‌ಗೆ ಹತ್ತಿಸಿ 140ರಲ್ಲಿ ಸ್ಟೇರಿಂಗ್ ನಡುಗುತ್ತದೆಯೇ ಅಂತ ನೋಡುತ್ತಾರೆ. ಕರ್ನಾಟಕದಲ್ಲಿ ಅದರ ಬದಲು ಹಂಪನ್ನು ಓರೆಯಾಗಿ ಹತ್ತಿಸಿ, ಕಿಟಕಿ ಇಳಿಸಿ, ಕಿವಿ ಕೊಡಿ. ಕಟಕಟ ಅಂದರೆ ಸಸ್ಪೆನ್ಶನ್ನಿನ ರಬ್ಬರ್ ಬುಷ್ ಹೋಗಿದೆ. ಮಂಗಳೂರು, ಉಡುಪಿ ಕಡೆಯ ಕಾರಾದರೆ ರ‍್ಯಾಂಪಿಗೆ ಹತ್ತಿಸಿ ಅಡಿಭಾಗದ ತುಕ್ಕು ನೋಡಲೇಬೇಕು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಮಾಡುವ ಕೆಲಸವನ್ನು ಅಲ್ಲಿ ಸಮುದ್ರದ ಗಾಳಿ ಮಾಡುತ್ತದೆ.

ಹೊಸದೋ ಹಳೆಯದೋ ಅನ್ನುವ ಪ್ರಶ್ನೆಗೆ ತೆರಿಗೆಯೇ ಅರ್ಧ ಉತ್ತರ. ಜರ್ಮನಿಯಲ್ಲಿ ವರ್ಷ ವರ್ಷ ಕಟ್ಟಬೇಕು, ಎರಡು ಲೀಟರ್ ಪೆಟ್ರೋಲ್ ಸೆಡಾನ್‌ಗೆ ಹೆಚ್ಚುಕಡಿಮೆ 200 ಯೂರೋ ಒಳಗೇ ಮುಗಿಯುತ್ತದೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇಕಡಾ 18 ಆಜೀವ ತೆರಿಗೆ, ಅದೂ ಮೊದಲ ದಿನವೇ. 60 ಲಕ್ಷದ ಕಾರಿಗೆ ಸೆಸ್ ಬಿಟ್ಟೇ 10 ಲಕ್ಷ 80 ಸಾವಿರ. ಮಾರುವಾಗ ಆ ದುಡ್ಡು ವಾಪಸ್ ಬರುವುದಿಲ್ಲ. ಅದರ ಮೇಲೆ ಮೊದಲ ಮೂರ್ನಾಲ್ಕು ವರ್ಷದಲ್ಲಿ ಇಂಥ ಕಾರಿನ ಬೆಲೆ ಅರ್ಧದ ಹತ್ತಿರ ಇಳಿದಿರುತ್ತದೆ. ಜನ ಎಸ್‌ಯುವಿ ಹಿಂದೆ ಬಿದ್ದಿರುವುದರಿಂದ ಸೆಡಾನ್‌ಗೆ ಗಿರಾಕಿಯೂ ಕಡಿಮೆ. ಹೊಸ 3 ಸೀರೀಸ್ ಕೊಳ್ಳುವವರನ್ನು ನಾನು ಗೌರವಿಸುತ್ತೇನೆ. ಅವರಿಲ್ಲದಿದ್ದರೆ ನಮಗೆ ಹಳೆಯದು ಎಲ್ಲಿಂದ ಬರಬೇಕು?

ಖರ್ಚಿನ ಇನ್ನೊಂದು ಮುಖ ಉಲ್ಟಾ. ಇಲ್ಲಿ ಬಿಡಿಭಾಗ ಅಗ್ಗ, ಕೂಲಿ ದುಬಾರಿ. ಕಾರು ಕಂಪನಿಯ ಲೋಗೋ ಇಲ್ಲದ, ಅದೇ ಕಾರ್ಖಾನೆಯ ಬುಷ್, ಬ್ರೇಕ್ ಡಿಸ್ಕ್, ಫಿಲ್ಟರ್ ಎಲ್ಲಿ ಬೇಕಾದರೂ ಸಿಗುತ್ತವೆ. ಬೆಂಗಳೂರಿನಲ್ಲಿ ಕೂಲಿ ಅಗ್ಗ, ಭಾಗ ದುಬಾರಿ. ಆದರೂ ಜೆ.ಸಿ. ರೋಡಿನಲ್ಲಿ ವಿಚಾರಿಸಿದರೆ, ಜರ್ಮನ್ ಕಾರನ್ನೇ ನೋಡುವ ಒಬ್ಬ ಒಳ್ಳೆಯ ಮೆಕ್ಯಾನಿಕ್ ಪರಿಚಯವಿದ್ದರೆ, ಕೆಲಸ ನಡೆಯುತ್ತದೆ. ಆ ಮೆಕ್ಯಾನಿಕ್ ಇಲ್ಲದೆ ಹಳೇ ಜರ್ಮನ್ ಕಾರು ಕೊಳ್ಳಲೇಬೇಡಿ. ನನ್ನ ಲೆಕ್ಕದಲ್ಲಿ ಕೊಂಡ ಬೆಲೆಯ ಹತ್ತನೇ ಒಂದು ಭಾಗ ವರ್ಷಕ್ಕೆ ಬೇರೆಯೇ ಇಟ್ಟಿರಬೇಕು. ಖರ್ಚಾಗದಿದ್ದರೆ ಅದೃಷ್ಟ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂದರೆ, ಓಡಿಸುವ ಸುಖಕ್ಕೆ. ಆ ಸುಖ ವೇಗದಲ್ಲಿದೆ ಅಂತ ನಮ್ಮವರು ತಿಳಿದಿದ್ದಾರೆ. ಜರ್ಮನಿಯಲ್ಲಿ ಮಿತಿ ಇಲ್ಲದ ಕಡೆಯೂ 130 ಅನ್ನುವುದು ಸಲಹೆಯ ವೇಗ. ಕರ್ನಾಟಕದಲ್ಲಿ 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 100 ದಾಟುವ ಹಾಗಿಲ್ಲ, ಕ್ಯಾಮೆರಾ ಕಾದಿರುತ್ತದೆ. 100ರಲ್ಲಿ ನೇರ ಹೋಗುವುದಕ್ಕೆ ಯಾವ ಕಾರಾದರೂ ಆದೀತು. 3 ಸೀರೀಸ್‌ನ ಸೊಗಸು ಇರುವುದು ಅರವತ್ತರ ವೇಗದ ತಿರುವಿನಲ್ಲಿ. ಮುಂದೆ ಹಿಂದೆ ಸಮನಾಗಿ ಹಂಚಿದ ತೂಕ, ಹಿಂದಿನ ಚಕ್ರ ತಳ್ಳುವ ರೀತಿ, ತಗ್ಗಿನ ಸೀಟು. ಇಲ್ಲಿ ಬಾಡೆನ್ ಬಾಡೆನ್‌ನಿಂದ ಫ್ರಾಯ್ಡನ್‌ಸ್ಟಾಟ್‌ಗೆ ಕಪ್ಪು ಕಾಡಿನ ಬೆಟ್ಟದ ಮೇಲೆ ಹೋಗುವ ರಸ್ತೆಯಲ್ಲಿ ಅದು ಗೊತ್ತಾಗುತ್ತದೆ. ನಮ್ಮಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಗೊತ್ತಾಗುತ್ತದೆ, ರಸ್ತೆ ಚೆನ್ನಾಗಿದ್ದ ವರ್ಷ.

ಹಾಗಾದರೆ ಹಿಂದಿನ ಸೀಟಲ್ಲಿ ಕೂರುವವರ ಗತಿ? ಇಲ್ಲಿ ಆ ಪ್ರಶ್ನೆ ಅಷ್ಟಾಗಿ ಏಳುವುದೇ ಇಲ್ಲ. ಮನೆಮಂದಿ, ನಾಯಿ, ಸೈಕಲ್ಲು ಎಲ್ಲ ಬೇಕಾದವರು ಇದೇ 3 ಸೀರೀಸ್‌ನ ಉದ್ದ ಡಿಕ್ಕಿಯ ಎಸ್ಟೇಟ್ ತೆಗೆದುಕೊಳ್ಳುತ್ತಾರೆ. ಭಾರತದಲ್ಲಿ ಎಸ್ಟೇಟ್ ಯಾರಿಗೂ ಬೇಡ. ಅದರ ಬದಲು 2021ರಲ್ಲಿ ಬಿಎಂಡಬ್ಲ್ಯೂ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವನ್ನೇ 110 ಮಿಲಿಮೀಟರ್ ಉದ್ದ ಮಾಡಿ ಗ್ರಾನ್ ಲಿಮೋಸಿನ್ ತಂದಿತು, ಚೆನ್ನೈನಲ್ಲೇ ಜೋಡಿಸಿ. ಗಿರಾಕಿ ಹಿಂದೆ ಕೂರುತ್ತಾನೆ ಅಂತ ಅವರಿಗೂ ಅರ್ಥವಾಗಿದೆ. ಆದರೂ ಸೀಟು ತಗ್ಗು, ಮಂಡಿ ನೋವಿರುವ ಅಮ್ಮನಿಗೆ ಏಳುವುದು ಕಷ್ಟ. ನೆಲದಿಂದ ಕಾರಿನ ಹೊಟ್ಟೆಗೆ ಒಂದು ಗೇಣೂ ಇಲ್ಲ, ನಾಲ್ಕು ಜನ ಕೂತರೆ ಊರಿನ ಹಂಪುಗಳು ಒಂದೊಂದೂ ಪರೀಕ್ಷೆಯೇ.

ಭಾವನಿಗೆ ನಾನು ಹೇಳಿದ್ದು ಇಷ್ಟು. ಅಕ್ಕ, ಅತ್ತೆ, ಮಕ್ಕಳನ್ನು ಕೂರಿಸಿಕೊಂಡು ಮೈಸೂರಿನೊಳಗೇ ಓಡಾಡುವುದಾದರೆ ಹೊಸ ಸ್ಲಾವಿಯಾ ಒಂದೂವರೆ ಲೀಟರ್ ಎಂಜಿನ್ನಿನದ್ದು ತಗೊಳ್ಳಿ. ಅದೂ ಯುರೋಪಿನ ಎಂಜಿನ್ನೇ, ನಮ್ಮ ರಸ್ತೆಗೆ ತಕ್ಕ ಎತ್ತರ, ವಾರಂಟಿ ಬೇರೆ. ನೀವೇ ಓಡಿಸುವ ಎರಡನೇ ಕಾರು ಅಂತಾದರೆ 2017ರ ನಂತರದ 330ಐ ಪೆಟ್ರೋಲ್ ಹುಡುಕಿ, ಡೀಸೆಲ್ ಬೇಡ. ಅರವತ್ತು, ಎಪ್ಪತ್ತು ಸಾವಿರ ಓಡಿದ್ದರೆ ಬಿಡಬೇಡಿ, ಬಿಲ್ಲುಗಳನ್ನು ಕೇಳಿ.

ಹೋದ ವಾರ ಅವರು ಬೆಂಗಳೂರಿನಲ್ಲಿ ಒಂದನ್ನು ನೋಡಿ ಬಂದರು. ಇಪ್ಪತ್ತೆರಡು ಸಾವಿರವೇ ಓಡಿದ್ದು, ಫಳಫಳ ಹೊಳೆಯುತ್ತಿತ್ತಂತೆ. ಟೈರ್ ಮಾತ್ರ ಕಾರಿನ ಜೊತೆ ಬಂದವೇ. ಸಾಹೇಬರು ತಿಂಗಳಿಗೊಮ್ಮೆ ಹೊರಗೆ ತೆಗೆದರೆ ಹೆಚ್ಚು, ಬ್ಯಾಟರಿ ಕೂತು ಹೋಗುತ್ತಿರುತ್ತದೆ ಅಂತ ಡ್ರೈವರೇ ಹೇಳಿದನಂತೆ. "ಬೇಡ ಬಿಡು" ಅಂದರು ಭಾವ. ಈಗ ಮಂಗಳೂರಿನದ್ದೊಂದು ಇದೆಯಂತೆ, ತೊಂಬತ್ತು ಸಾವಿರ ಓಡಿದೆ, ಬಿಲ್ಲುಗಳ ಕಟ್ಟೇ ಇದೆ. ರ‍್ಯಾಂಪಿಗೆ ಹತ್ತಿಸದೆ ಅಡ್ವಾನ್ಸ್ ಕೊಡಬೇಡಿ ಅಂದಿದ್ದೇನೆ.