ಹೊಳೆಗೆ ಹೋಗದ ರೂಪಾಯಿ

ಅಂಗಿಯ ಮೇಲಿನ ಚಹಾದ ಕಲೆ ಎರಡು ಸಲ ಒಗೆದರೂ ಹೋಗಿಲ್ಲ. ಆದ್ದರಿಂದ ನನ್ನ ಸಿಟ್ಟೂ ಹೋಗಿಲ್ಲ. ಬೆಳಗಿನ ಪ್ಯಾಸೆಂಜರಿನಲ್ಲಿ ರಾಯಬಾಗದಿಂದ ಮಿರಜಿಗೆ ಓಡಾಡುವವರಿಗೆ ಗೊತ್ತಿರುವಂತೆ, ಚಿಂಚಲಿ ದಾಟುವವರೆಗೆ ಕಾಲೂರಲೂ ಜಾಗವಿರುವುದಿಲ್ಲ. ಕುಡಚಿಯಲ್ಲಿ ಹೇಗೋ ಕುಳಿತು ಚಹಾದ ಕಪ್ಪನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಉಗಾರದ ಈಚೆಗೆ ಕೃಷ್ಣೆಯ ಸೇತುವೆ ಬಂದೇಬಿಡುತ್ತದೆ.

1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಂಪನಿಯವರು ಈ ದಾರಿಯಲ್ಲಿ ಹಾಕಿದ ಮೀಟರ್‌ಗೇಜ್ ಹಳಿ ಮುಂದೆ ಬ್ರಾಡ್‌ಗೇಜ್ ಆಯಿತು. ಬದಲಾಗದೆ ಉಳಿದವರು ನಮ್ಮ ಡಬ್ಬಿಯ ಕಾಕಾ ಒಬ್ಬರೇ. ಗಾಲಿಗಳ ಸದ್ದು ಪೊಳ್ಳಾದೊಡನೆ ಅವರು ನಿದ್ದೆಯಿಂದೆದ್ದು, ಟೊಪ್ಪಿಗೆ ಸರಿಪಡಿಸಿಕೊಂಡು, ಕಿಸೆಯಿಂದ ಒಂದು ರೂಪಾಯಿ ತೆಗೆದು ಎರಡೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಆಮೇಲೆ, "ಹೊಳಿ ಬಂತ್ರೀ ಸರ, ಸ್ವಲ್ಪ ಸರೀರಿ" ಎನ್ನುತ್ತ, ನಾನು ಸರಿಯುವ ಮೊದಲೇ ನನ್ನ ಗದ್ದಕ್ಕೂ ಪತ್ರಿಕೆಗೂ ನಡುವೆ ಮೊಳಕೈ ತೂರಿಸಿ ಗುರಿ ಹಿಡಿಯುತ್ತಾರೆ. ಕಿಟಕಿಗೆ ಸರಳುಗಳಿವೆ ಎಂಬುದು ಇಷ್ಟು ವರ್ಷಗಳಲ್ಲಿ ಅವರ ಗಮನಕ್ಕೆ ಬಂದಂತಿಲ್ಲ. ಮೊನ್ನೆ ಆ ರೂಪಾಯಿ ಸರಳಿಗೆ ಟಣ್ಣನೆ ಬಡಿದು, ಹಿಂದಿರುಗಿ ನೇರವಾಗಿ ನನ್ನ ಚಹಾದೊಳಗೆ ಮುಳುಗಿತು.

ತಾಮ್ರದ ದುಡ್ಡಿನಿಂದ ನೀರು ಶುದ್ಧವಾಗುತ್ತದೆ ಎಂದು ಹಿರಿಯರು ಎಸೆಯುತ್ತಿದ್ದರಂತೆ, ಈಗಿನ ರೂಪಾಯಿ ಬರಿಯ ಸ್ಟೀಲು ಎಂದು ನಾನು ವಾದಿಸಿದೆ. ಕಾಕಾ ನನ್ನ ನೀರಿನ ಬಾಟಲಿಯತ್ತ ಕೈತೋರಿಸಿ, "ಇದೂ ಸ್ಟೀಲೇ ಅಲ್ಲೇನ್ರಿ?" ಎಂದರು. ಎದುರಿನ ಸೀಟಿನವರು ನಕ್ಕ ರೀತಿಯನ್ನು ನಾನಿನ್ನೂ ಕ್ಷಮಿಸಿಲ್ಲ.

ಚಿಕ್ಕಂದಿನಲ್ಲಿ ಇದೇ ಸೇತುವೆಯ ಮೇಲೆ ನನ್ನ ಅಜ್ಜಿ ಅಲ್ಯುಮಿನಿಯಂನ ಹತ್ತು ಪೈಸೆಯನ್ನು ನನ್ನ ಕೈಗಿಟ್ಟು, ಎಸೆಯುವಾಗ ನಾನೂ ಹೊರಗೆ ಹೋದೇನೆಂಬ ಭಯದಿಂದ ನನ್ನ ಚಡ್ಡಿಯ ಪಟ್ಟಿಯನ್ನು ಬಿಗಿಯಾಗಿ ಹಿಡಿದಿರುತ್ತಿದ್ದಳು. ಅಷ್ಟು ಹಗುರಾದ ಆ ನಾಣ್ಯ ನೀರು ಮುಟ್ಟುತ್ತಿತ್ತೋ, ಗಾಳಿಯಲ್ಲೇ ಎತ್ತಲೋ ಹಾರುತ್ತಿತ್ತೋ, ಸದ್ದು ಮಾತ್ರ ಒಮ್ಮೆಯೂ ಕೇಳಿಸಲಿಲ್ಲ.

ಚಹಾದೊಳಗಿನ ರೂಪಾಯಿಯನ್ನು ಬೆರಳಿನಿಂದ ತೆಗೆದು ಕೊಡಹೋದರೆ ಕಾಕಾ ಮುಟ್ಟಲಿಲ್ಲ. "ಅದು ಹೊಳಿ ರೊಕ್ಕ. ನಿಮ್ಮ ಕಡೆ ಬಂದೈತಿ, ಬರುವಾಗ ನೀವೇ ಹಾಕ್ರಿ" ಎಂದು ಮತ್ತೆ ಕಣ್ಣು ಮುಚ್ಚಿದರು. ಸಂಜೆಯ ಗಾಡಿಯಲ್ಲಿ ನನಗೆ ಕಿಟಕಿ ಸಿಗುವುದಿಲ್ಲವಾದ್ದರಿಂದ ಅದು ಇನ್ನೂ ನನ್ನ ಕಿಸೆಯಲ್ಲೇ ಇದೆ. ಹೊಳೆ ದಾಟಿತೇ ಎಂದು ಅವರು ದಿನವೂ ವಿಚಾರಿಸುತ್ತಾರೆ. ಚಹಾದ ಹತ್ತು ರೂಪಾಯಿಯ ಮಾತನ್ನು ಮಾತ್ರ ಇದುವರೆಗೆ ಯಾರೂ ಎತ್ತಿಲ್ಲ.