ಹಾರವೂ ನಮ್ಮದೇ, ಕೊರಳೂ ನಮ್ಮದೇ

ಅಕ್ಕನ ಮಗಳು ಮಿದುಳಿನ ಬಗ್ಗೆ ಪಿಎಚ್‌ಡಿ ಮಾಡುತ್ತಾಳಂತೆ. 'ನಿಮ್ಹಾನ್ಸ್‌ಗೂ ಅರ್ಜಿ ಹಾಕಿದ್ದೀನಿ' ಅಂದಳು. ಪಕ್ಕದ ಮನೆಯಾಕೆ ಮೆಲ್ಲಗೆ ಅಕ್ಕನನ್ನು ಕೇಳಿದರು, 'ಸೀಟಿಗಾ, ಬೆಡ್ಡಿಗಾ?' ಬೆಂಗಳೂರಿನಲ್ಲಿ ಆ ಹೆಸರಿಗೆ ಇರುವುದು ಒಂದೇ ಅರ್ಥ. ಒಳಗೆ ಮಿದುಳುಗಳದ್ದೇ ಒಂದು ಮ್ಯೂಸಿಯಂ ಇದೆ ಅನ್ನುವುದು ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಆ ಗೇಟಿನ ಮುಂದೆಯೇ ಅರ್ಧ ಆಯುಷ್ಯ ಕಳೆದವರಿಗೂ ಗೊತ್ತಿಲ್ಲ.

ಟಾಟಾ ಇನ್‌ಸ್ಟಿಟ್ಯೂಟಿಗೆ (ಐಐಎಸ್‌ಸಿ), ಜಿಕೆವಿಕೆ ಕ್ಯಾಂಪಸ್ಸಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ಗೂ ಹಾಕಿದಳು. ಅಲ್ಲಿ ಪರೀಕ್ಷೆ, ಇಂಟರ್‌ವ್ಯೂ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಜಾ ಶುರುವಾಗಿದ್ದು ಅಮೆರಿಕದ ಅರ್ಜಿಯಿಂದ. ಅಲ್ಲಿ ಮೂವರು ಮೇಷ್ಟ್ರುಗಳ ಶಿಫಾರಸು ಪತ್ರ ಬೇಕು.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಮೊದಲನೇ ಮೇಷ್ಟ್ರು ತಮ್ಮ ಅಷ್ಟೂ ಕೋಶ ತಡಕಾಡಿದರು. 'ನೀನು ಯಾವ ಬ್ಯಾಚಮ್ಮಾ?' ಅಂತ ಕೇಳಿದರು. ಆಮೇಲೆ, 'ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ.' ಉಳಿದಿಬ್ಬರದ್ದೂ ಅದೇ ಮಂತ್ರ.

ಇದು ನಮಗೇನು ಹೊಸದಲ್ಲ, ಅಲ್ವಾ? ಪ್ರಶಸ್ತಿಗೆ ತನ್ನ ಹೆಸರನ್ನು ತಾನೇ ಸೂಚಿಸಿಕೊಳ್ಳುವವರು, ಅಭಿನಂದನ ಗ್ರಂಥಕ್ಕೆ ಪೇಪರ್ ಖರ್ಚು ತಾನೇ ಕೊಡುವವರು, ಸನ್ಮಾನಕ್ಕೆ ಶಾಲು ಹಾರ ತಾನೇ ತಂದುಕೊಡುವವರು, ಎಲ್ಲರನ್ನೂ ನೋಡಿದ ನಾಡು ಇದು. ಆದರೆ ಅಮೆರಿಕದವರು ನಮ್ಮನ್ನೂ ಮೀರಿಸಿದ್ದಾರೆ. ಅವರ ಫಾರಂನಲ್ಲಿ ಒಂದು ಚೌಕವಿದೆ: 'ನನ್ನ ಬಗ್ಗೆ ಬರೆದ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ.' ಟಿಕ್ ಹಾಕದಿದ್ದರೆ ಪತ್ರದ ಮೇಲೆ ನಂಬಿಕೆ ಕಡಿಮೆಯಂತೆ. ಹುಡುಗಿ ಒಂದು ಕೈಯಲ್ಲಿ ಟಿಕ್ ಹಾಕಿ, ಇನ್ನೊಂದು ಕೈಯಲ್ಲಿ ಅದೇ ಪತ್ರ ಬರೆಯಲು ಕೂತಳು.

ಮೂರು ರಾತ್ರಿ ನಮ್ಮ ಊಟದ ಮೇಜು ಅವಳದೇ. ಮೂರೂ ಒಬ್ಬರೇ ಬರೆದಂತೆ ಕಾಣಬಾರದಲ್ಲ! ಒಬ್ಬ ಮೇಷ್ಟ್ರಿಗೆ ಉದ್ದ ವಾಕ್ಯ ಕೊಟ್ಟಳು, ಒಬ್ಬರಿಗೆ ತುಂಡು ವಾಕ್ಯ. ಇನ್ನೊಬ್ಬರ ಪತ್ರದಲ್ಲಿ ಎರಡು ಸ್ಪೆಲಿಂಗ್ ತಪ್ಪು ಇರಲಿ ಅಂದೆ, ಸಹಜವಾಗಿರುತ್ತದೆ. ಬರೀ ಹೊಗಳಿಕೆಯಿದ್ದರೆ ಅನುಮಾನ ಬರುತ್ತದೆಂದು ಒಂದು ಕುಂದನ್ನೂ ಹುಡುಕಿದೆವು: 'ಲ್ಯಾಬಿನಲ್ಲಿ ಕೂತರೆ ಕತ್ತಲಾದರೂ ಏಳುವುದಿಲ್ಲ, ಬೈದು ಕಳಿಸಬೇಕು.' ಆ ಕಾಲೇಜಿನ ಲ್ಯಾಬಿಗೆ ಅಟೆಂಡರ್ ನಾಲ್ಕೂವರೆಗೇ ಬೀಗ ಜಡಿಯುತ್ತಾನೆ. ಇರಲಿ.

ಕೊನೆಗೊಂದು ಪಟ್ಟಿ. ಈ ವಿದ್ಯಾರ್ಥಿ ನೂರಕ್ಕೆ ಮೊದಲ ಒಬ್ಬರಲ್ಲೋ, ಐವರಲ್ಲೋ, ಹತ್ತರಲ್ಲೋ? ಸಂಕೋಚಕ್ಕೆ ಐದು ಅಂತ ಹಾಕಿದಳು. ಮೇಷ್ಟ್ರು ಗದರಿದರು, 'ಒಂದು ಅಂತ ಹಾಕಮ್ಮ. ನನ್ನ ಮರ್ಯಾದೆ ಪ್ರಶ್ನೆ.' ಪತ್ರ ಕಳಿಸುವ ಲಿಂಕ್ ಅವರ ಇಮೇಲಿಗೆ ಬರುತ್ತದೆ. ಅವರು ಇಮೇಲ್ ತೆರೆಯುವುದಿಲ್ಲ. ಪಾಸ್‌ವರ್ಡನ್ನೂ ಇವಳಿಗೇ ಕೊಟ್ಟರು.

ಇವಳು ಓದಬೇಕೆಂದಿರುವುದು ನೆನಪಿನ ಬಗ್ಗೆ. ಅರ್ಜಿಯ ಜೊತೆಗಿನ ಪ್ರಬಂಧದಲ್ಲಿ ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಅವರ 1995ರ ಪ್ರಯೋಗದ ಬಗ್ಗೆ ಬರೆದಿದ್ದಳು. 'ನೀವು ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ' ಎಂಬ ಕಟ್ಟುಕಥೆಯನ್ನು 24 ಜನರಿಗೆ ಹೇಳಿದರಂತೆ. ಸುಮಾರು ನಾಲ್ಕರಲ್ಲಿ ಒಬ್ಬರು, ಹೌದು, ನೆನಪಿದೆ ಅಂದರಂತೆ. ನಾನು ನಂಬಿರಲಿಲ್ಲ.

ಸೀಟು ಸಿಕ್ಕಿತು. ಕಾಲೇಜಿನಲ್ಲಿ ಸಣ್ಣ ಸನ್ಮಾನ ಇಟ್ಟುಕೊಂಡರು. ಮೊದಲನೇ ಮೇಷ್ಟ್ರು ಮೈಕ್ ಹಿಡಿದರು. 'ಈ ಹುಡುಗಿ ಲ್ಯಾಬಿನಲ್ಲಿ ಕೂತರೆ ಕತ್ತಲಾದರೂ ಏಳುತ್ತಿರಲಿಲ್ಲ. ಎಷ್ಟು ಸಲ ನಾನೇ ಬೈದು ಮನೆಗೆ ಕಳಿಸಿದ್ದೇನೆ!' ಗಂಟಲು ಕಟ್ಟಿತು, ಕನ್ನಡಕ ತೆಗೆದು ಒರೆಸಿಕೊಂಡರು. 'ಮಾಮ, ಅವರು ಸುಳ್ಳು ಹೇಳ್ತಿಲ್ಲ. ನಿಜವಾಗ್ಲೂ ನೆನಪಿದೆ ಅವರಿಗೆ' ಅಂತ ಇವಳು ನನ್ನ ಕಿವಿಯಲ್ಲಿ ಉಸುರಿದಳು.

ಆಮೇಲೆ ಹಾರ ಹಾಕಿದರು. ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಚೌಕಾಸಿ ಮಾಡಿ ಅದನ್ನು ತಂದುಕೊಟ್ಟಿದ್ದವನು ನಾನೇ.