ಕಂಪೈಲರ್ ಅಂದು ಒಂದು ಮಾತು ಹೇಳಿದ್ದರೆ

ಕಳೆದ ವಾರ ಹಳದಿ ಮಾರ್ಗದ ಮೆಟ್ರೊದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವಾಗ ಪಕ್ಕದಲ್ಲಿ ನಿಂತಿದ್ದ ಇಬ್ಬರು ಹುಡುಗರು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಜಾವಾ ಮೇಲೋ ಸಿ ಪ್ಲಸ್ ಪ್ಲಸ್ ಮೇಲೋ ಎಂದು ವಾದಿಸುತ್ತಿದ್ದರು. ಮಾತೆಲ್ಲ ವೇಗದ್ದೇ. ಹದಿನಾಲ್ಕು ವರ್ಷ ಕೋಡ್ ಬರೆದ ಮೇಲೆ ನಾನು ಕೇಳುವ ಪ್ರಶ್ನೆ ಬೇರೆ: ನನಗೇ ಗೊತ್ತಿಲ್ಲದೆ ನಾನು ತಪ್ಪಿದಾಗ ಈ ಭಾಷೆ ನನ್ನನ್ನು ತಡೆಯುತ್ತದೆಯೇ?

ಹಿಂದೆ ಒಂದು ಕಂಪನಿಯಲ್ಲಿ ಬಿಲ್ಲಿನ ಲೆಕ್ಕದ ಕೋಡ್ ನನ್ನ ಪಾಲಿಗಿತ್ತು, ಜಾವಾದಲ್ಲಿ. ಇನ್ನೊಂದು ತಂಡದ ಬೇಸ್ ಕ್ಲಾಸನ್ನು (ಇತರ ಕ್ಲಾಸ್‌ಗಳಿಗೆ ಆಧಾರವಾಗುವ ಕೋಡಿನ ಘಟಕ) ವಿಸ್ತರಿಸಿ, ಅಂದರೆ ಅದರ ಕೆಳಗೆ ನನ್ನದೊಂದು ಕ್ಲಾಸ್ ಕಟ್ಟಿ, ‘ರೌಂಡ್ ಆಫ್’ ಎಂಬ ಮೆಥಡ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಬರೆದಿದ್ದೆ. ಮೊತ್ತವನ್ನು ಪೂರ್ಣ ರೂಪಾಯಿಗೆ ತರುವುದು ಅದರ ಕೆಲಸ. ಕೆಲವು ತಿಂಗಳ ನಂತರ ಆ ತಂಡದವರು ಅದೇ ಹೆಸರಿನ ಮೆಥಡನ್ನು ತಮ್ಮ ಕ್ಲಾಸಿಗೂ ಸೇರಿಸಿದರು. ಅವರದು ಪೈಸೆಯ ಲೆಕ್ಕ. ಬರೆದ ಕೋಡನ್ನು ಪರಿಶೀಲಿಸಿ ಯಂತ್ರ ಓಡಿಸುವ ರೂಪಕ್ಕೆ ತರುವ ಕಂಪೈಲರ್ ತುಟಿ ಬಿಚ್ಚಲಿಲ್ಲ. ಅವರ ಕೋಡ್ ತನ್ನದೇ ಮೆಥಡನ್ನು ಕರೆದಾಗಲೆಲ್ಲ ಓಡಿದ್ದು ನನ್ನದು. ತೆರಿಗೆಯ ಸಾಲಿನಲ್ಲಿ ಪೈಸೆಗಳು ಮಾಯವಾದವು. ಕಾರಣ ಕೈಗೆ ಸಿಗುವಷ್ಟರಲ್ಲಿ ಎರಡು ರಾತ್ರಿ ಕಳೆದಿತ್ತು.

ಜಾವಾದಲ್ಲಿ ಮೆಥಡ್‌ಗಳು, ಬೇಡವೆಂದು ಹೇಳದ ಹೊರತು, ಓವರ್‌ರೈಡ್‌ಗೆ (ಮೇಲಿನ ಕ್ಲಾಸಿನ ಮೆಥಡಿನ ಜಾಗವನ್ನು ಕೆಳಗಿನ ಕ್ಲಾಸಿನ ಅದೇ ಹೆಸರಿನ ಮೆಥಡ್ ಹಿಡಿಯುವುದಕ್ಕೆ) ತೆರೆದೇ ಇರುತ್ತವೆ. 2004ರಲ್ಲಿ ಬಂದ ‘ಓವರ್‌ರೈಡ್’ ಗುರುತು ಇಲ್ಲಿ ನೆರವಾಗುವುದಿಲ್ಲ. ಹಾಕಿದರೆ ಹೆಸರಿನ ತಪ್ಪು ಹಿಡಿಯುತ್ತದೆ, ಹಾಕದಿದ್ದರೆ ಕೇಳುವವರಿಲ್ಲ. ಸಿ ಪ್ಲಸ್ ಪ್ಲಸ್ ಸಿಮುಲಾ ಎಂಬ ಹಳೆಯ ಭಾಷೆಯಿಂದ ‘ವರ್ಚುವಲ್’ ಎಂಬ ಗುರುತನ್ನು ತಂದುಕೊಂಡಿತು, ಅಂದರೆ ಓವರ್‌ರೈಡ್‌ಗೆ ಬೇಸ್ ಕ್ಲಾಸಿನ ಅನುಮತಿ ಬೇಕು. ಅನುಮತಿ ಸಿಕ್ಕ ಮೇಲೆ ಅಲ್ಲೂ ಇದೇ ಮೌನ.

ಸಿ ಶಾರ್ಪ್ ಭಾಷೆಯನ್ನು ರೂಪಿಸುವಾಗ ಆ್ಯಂಡರ್ಸ್ ಹೈಲ್ಸ್‌ಬರ್ಗ್ ಅವರ ತಂಡ ಎರಡೂ ಕಡೆಯ ಒಪ್ಪಿಗೆ ಕೇಳಿತು: ಮೇಲೆ ‘ವರ್ಚುವಲ್’, ಕೆಳಗೆ ‘ಓವರ್‌ರೈಡ್’. ಅಲ್ಲಾಗಿದ್ದರೆ ನನಗೆ ಎಚ್ಚರಿಕೆ ಬರುತ್ತಿತ್ತು, ಅವರ ಕೋಡ್ ಅವರ ಮೆಥಡನ್ನೇ ಕರೆಯುತ್ತಿತ್ತು. 2016ರಲ್ಲಿ 1.0 ಆವೃತ್ತಿ ಕಂಡ ಕಾಟ್ಲಿನ್ ಭಾಷೆ ಇನ್ನೂ ಕಟ್ಟುನಿಟ್ಟು. ‘ಓಪನ್’ ಎನ್ನದ ಕ್ಲಾಸನ್ನು ವಿಸ್ತರಿಸುವಂತೆಯೇ ಇಲ್ಲ. ಇಂತಹ ಹೆಸರಿನ ಘರ್ಷಣೆ ಕಂಪೈಲ್ ಕೂಡ ಆಗದು. ಈ ವಿಷಯದಲ್ಲಿ ನನಗೆ ಅದೇ ಶ್ರೇಷ್ಠ.

ಜಾವಾ ನಿಧಾನ ಎಂಬ ಹಳೆಯ ದೂರನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾರೂ ಓವರ್‌ರೈಡ್ ಮಾಡದ ಚಿಕ್ಕ ಮೆಥಡನ್ನು, ಜಾವಾ ಕೋಡನ್ನು ಓಡಿಸುವ ಹಾಟ್‌ಸ್ಪಾಟ್ ಗುರುತಿಸಿ, ಕರೆದ ಜಾಗದಲ್ಲೇ ಹೊಲಿದುಬಿಡುತ್ತದೆ; ಕರೆಯುವ ಸಮಯ ಉಳಿಯುತ್ತದೆ. ನನ್ನ ತಕರಾರು ಆ ಮೌನದ ಬಗ್ಗೆ.

ಈಗಿನ ತಂಡದಲ್ಲಿ ಹೊಸ ಕೆಲಸಕ್ಕೆ ಕಾಟ್ಲಿನ್ ಬೇಕೆಂದು ಕೇಳಿದ್ದೇನೆ. ಹಳೆಯ ಜಾವಾ ಕೋಡಿನಲ್ಲಿ, ವಿಸ್ತರಿಸುವ ಅಗತ್ಯವಿಲ್ಲದ ಪ್ರತಿ ಕ್ಲಾಸಿಗೂ ವಿಸ್ತರಣೆಯನ್ನು ತಡೆಯುವ ‘ಫೈನಲ್’ ಗುರುತು ಸೇರಿಸುತ್ತಿದ್ದೇವೆ. ಮೊದಲು ಮುಗಿಸಿದ್ದು ಬಿಲ್ಲಿನ ಭಾಗವನ್ನು.